ಉಣ್ಣೆಗೆ ಮೈಲಿಗೆಯಿಲ್ಲ

ಎಂಟು ವರ್ಷವಾಗುವವರೆಗೂ ನನಗೆ ಕಲ್ಕತ್ತದ ಕಾಗೆಗಳ ಮೇಲೆ ಇನ್ನಿಲ್ಲದ ಸಿಟ್ಟು. ತಿಂಗಳಿಗೊಮ್ಮೆ ಅಮ್ಮನನ್ನು ಕಾಗೆ ಮುಟ್ಟುತ್ತದೆ, ಆಮೇಲೆ ಮೂರು ದಿನ ಅಮ್ಮನನ್ನು ನಾವ್ಯಾರೂ ಮುಟ್ಟಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಆ ಊರಲ್ಲಿ ಕಾಗೆಗಳಿಗೇನು ಬರವೇ? ಬೆಹಾಲಾದ ನಮ್ಮ ಬಾಡಿಗೆ ಮನೆಯ ಬಾಲ್ಕನಿ ಕಂಬಿಯ ಮೇಲೆ ಬೆಳಗಾದರೆ ಸಾಲಾಗಿ ಬಂದು ಕೂರುತ್ತಿದ್ದವು. ಶಾಲೆಯಿಲ್ಲದ ದಿನ ನಾನು ಹಿಡಿಸೂಡಿ ಹಿಡಿದುಕೊಂಡು ಅಲ್ಲಿ ಕಾವಲು ನಿಲ್ಲುತ್ತಿದ್ದೆ. ಶಾಲೆಯಿದ್ದ ದಿನ ಅಮ್ಮನಿಗೆ ಎಚ್ಚರಿಕೆ ಹೇಳಿ ಹೋಗುತ್ತಿದ್ದೆ, "ಬಟ್ಟೆ ಒಣಗಿಸ್ಲಿಕ್ಕೆ ಹೊರಗೆ ಹೋಗ್ಬೇಡ, ಕಾಗೆ ಉಂಟು." ಅಮ್ಮ "ಆಯ್ತು ಮಗಾ" ಅನ್ನುತ್ತಿದ್ದಳು. ಎಷ್ಟು ಕಾದರೂ ಅಷ್ಟೇ. ಒಂದು ದಿನ ಎದ್ದು ನೋಡಿದರೆ ಅಮ್ಮ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿರುತ್ತಿದ್ದಳು. ನಾನು ಮಲಗಿದ ಮೇಲೆ ಆ ದರಿದ್ರದವು ಬಂದು ಮುಟ್ಟಿ ಹೋಗಿರಬೇಕು ಎಂದು ಹಲ್ಲು ಕಡಿಯುತ್ತಿದ್ದೆ.

ಊರಿನ ಮನೆಯಲ್ಲಾದರೆ ಹೊರಗೆ ಕೂರುವುದಕ್ಕೆಂದೇ ಒಂದು ಜಾಗ ಇರುತ್ತಿತ್ತಂತೆ. ನಮ್ಮ ಅರಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡಿಗೆಮನೆ, ಆ ಬಾಲ್ಕನಿ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ, ಉಡುಪಿ ಕಡೆಯ ಹಳ್ಳಿಯಿಂದ ಮಡಿ ಮೈಲಿಗೆಗಳನ್ನೆಲ್ಲ ಟ್ರಂಕಿನಲ್ಲಿ ತುಂಬಿಕೊಂಡು ಬಂದು ನಮ್ಮ ಜೊತೆಗೇ ಇದ್ದರು. ಕಲ್ಕತ್ತದ ಹಳೆಯ ಮನೆಗಳ ಕೆಂಪು ನೆಲಕ್ಕೆ ಸುತ್ತಲೂ ಒಂದು ಕಪ್ಪು ಪಟ್ಟಿ ಹಾಕಿರುತ್ತಾರೆ, ಸೀರೆಗೆ ಅಂಚು ಹಾಕಿದ ಹಾಗೆ. ಅಜ್ಜಿ ಆ ಪಟ್ಟಿಯನ್ನೇ ಗಡಿ ಮಾಡಿದರು. ಬಾಲ್ಕನಿ ಬಾಗಿಲ ಪಕ್ಕ ಗೋಡೆಗೂ ಪಟ್ಟಿಗೂ ನಡುವೆ ಒಂದು ಚಾಪೆ ಹಿಡಿಸುವಷ್ಟು ಜಾಗ. ಅಲ್ಲಿ ಅಮ್ಮ, ಅವಳ ತಟ್ಟೆ, ಅವಳ ಒಂದು ಚೊಂಬು ನೀರು. ಪಟ್ಟಿಯ ಈಚೆಗೆ ನಾವು.

ಮೂರು ದಿನ ಅಮ್ಮ ಕಣ್ಣೆದುರಿಗೇ ಇರುತ್ತಿದ್ದಳು, ಮಾತಾಡುತ್ತಿದ್ದಳು, ನಗುತ್ತಿದ್ದಳು. ಆದರೆ ಜಡೆ ಹಾಕುವುದು ಅಜ್ಜಿ, ಎಳೆದೆಳೆದು ಕಣ್ಣಲ್ಲಿ ನೀರು ಬರಿಸಿ. ಊಟ ಬಡಿಸುವುದು ಅಜ್ಜಿ. ಮಲಗುವುದೂ ಅಜ್ಜಿಯ ಪಕ್ಕ. ಅಮ್ಮ ದೂರದ ಊರಿಗೆ ಹೋಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಹತ್ತಿರವೇ ಇದ್ದು ಮುಟ್ಟಬಾರದು ಅಂದರೆ ಮುಟ್ಟುವುದೊಂದೇ ತಲೆಯಲ್ಲಿ ಕೊರೆಯುತ್ತದೆ. ನಾನು ಪಟ್ಟಿಗೆ ಸರಿಯಾಗಿ ಕಾಲ್ಬೆರಳು ತಾಗಿಸಿಕೊಂಡು ಕೂತು ಮಗ್ಗಿ ಹೇಳುತ್ತಿದ್ದೆ. ಅಮ್ಮ ತನ್ನ ಕಾಲ್ಬೆರಳನ್ನೂ ಆಚೆ ಕಡೆಯಿಂದ ಪಟ್ಟಿಗೆ ತಾಗಿಸಿ ಇಡುತ್ತಿದ್ದಳು. ನಡುವೆ ನಾಲ್ಕು ಬೆರಳು ಅಗಲದ ಕಪ್ಪು ನೆಲ.

ಆ ಮೂರು ದಿನ ಅಮ್ಮನಿಗೆ ಮಾಡಲಿಕ್ಕೆ ಇದ್ದ ಒಂದೇ ಕೆಲಸ ಹೆಣಿಗೆ. ಹತ್ತಿಯ ಬಟ್ಟೆ ಮುಟ್ಟಿದರೆ ಮೈಲಿಗೆ, ಉಣ್ಣೆಗೆ ಮೈಲಿಗೆಯಿಲ್ಲ ಎಂಬುದು ಅಜ್ಜಿಯ ಕಾನೂನು. ಕೆಳಗಿನ ಮನೆಯ ಯಜಮಾನಿ, ನಾವು ಮಾಶಿಮಾ ಎಂದು ಕರೆಯುತ್ತಿದ್ದ ಬಂಗಾಳಿ ಹೆಂಗಸು, ಅಮ್ಮನಿಗೆ ಸ್ವೆಟರ್ ಹಾಕುವುದನ್ನು ಕಲಿಸಿದ್ದರು. ಕಲ್ಕತ್ತದಲ್ಲಿ ಚಳಿ ಬೀಳುವುದು ತಿಂಗಳೆರಡು, ಆದರೆ ಅಲ್ಲಿನವರ ಉಣ್ಣೆಯ ಸಂಭ್ರಮ ನೋಡಿದರೆ ಹಿಮಾಲಯದ ಮೇಲೆ ಮನೆ ಕಟ್ಟಿದ್ದಾರೆ ಅನ್ನಬೇಕು. ಅಪ್ಪನ ಕಾಫಿ ಬಣ್ಣದ ಸ್ವೆಟರು, ನನ್ನ ಕೆಂಪಿನದು, ತಮ್ಮನ ಟೊಪ್ಪಿ, ಕಾಲುಚೀಲ, ಎಲ್ಲ ಅಮ್ಮ ಹಾಗೆ ಮೂರು ಮೂರು ದಿನವಾಗಿ ಕೂತು ಹೆಣೆದದ್ದು. ತಮ್ಮನಿಗೆ ಆಗ ಎರಡು ತುಂಬಿರಲಿಲ್ಲ. ಅವನನ್ನು ಉಣ್ಣೆಯಲ್ಲಿ ಅಡಿಯಿಂದ ಮುಡಿಯವರೆಗೆ ಸುತ್ತಿ ಅಮ್ಮನ ತೊಡೆಗೆ ಹಾಕಬಹುದಿತ್ತು. ನನಗೆ ಆ ಸೌಲಭ್ಯವಿಲ್ಲ. ನನ್ನ ಕೆಂಪು ಸ್ವೆಟರಿನ ಕೆಳಗೆ ಹತ್ತಿಯ ಫ್ರಾಕು ಇಳಿಬಿದ್ದಿರುತ್ತಿತ್ತು. ಮೇಲಾಗಿ ನಾನು "ದೊಡ್ಡವಳು, ಬುದ್ಧಿ ಬಂದವಳು." ಬುದ್ಧಿ ಬಂದದ್ದಕ್ಕೆ ಇಂಥ ಶಿಕ್ಷೆ ಬೇರೆ ಯಾವ ಮನೆಯಲ್ಲೂ ಇಲ್ಲ ಎಂದು ನಾನು ನಂಬಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಒಂದು ಜನವರಿ. ಅಪ್ಪ ಕಚೇರಿ ಕೆಲಸದ ಮೇಲೆ ಅಸ್ಸಾಮಿನ ಕಡೆ ಹೋಗಿದ್ದ, ಬರುವುದು ಇನ್ನೂ ಒಂದು ವಾರ. ಅಮ್ಮ ಮೂಲೆ ಹಿಡಿದ ಬೆಳಿಗ್ಗೆಯೇ ತಮ್ಮ ಹಾಸಿಗೆಯಲ್ಲಿ ವಾಂತಿ ಮಾಡಿಕೊಂಡ. ಹಿಂದಿನ ಸಂಜೆಯವರೆಗೆ ಮನೆಯ ಪಾತ್ರೆಗಳನ್ನೆಲ್ಲ ಬಡಿದು ಡೋಲು ಮಾಡಿದ್ದ ಗಟ್ಟಿ ಹುಡುಗ. ಗಲ್ಲ ಚಿವುಟಿದರೆ ಕೈಗೆ ಸಿಗದಷ್ಟು ಬಿಗಿ. ಒಂಬತ್ತು ಗಂಟೆಗೆ ಎರಡು ವಾಂತಿ ಆಯಿತು, ಹತ್ತಕ್ಕೆ ಭೇದಿ ಶುರುವಾಯಿತು. ಬರೀ ನೀರು. ಮೈ ಸ್ವಲ್ಪ ಬಿಸಿ. ಕೇರಿಯಲ್ಲಿ ಆ ವಾರ ನಾಲ್ಕಾರು ಮನೆಯ ಮಕ್ಕಳಿಗೆ ಹೀಗೇ ಆಗಿತ್ತು. ಈಗಿನ ಡಾಕ್ಟರುಗಳು ಇದನ್ನು ವೈರಸ್ ಅನ್ನುತ್ತಾರೆ. ಚಳಿಗಾಲದಲ್ಲಿ ಒಳ್ಳೆ ಆರೋಗ್ಯದ ಮಕ್ಕಳಿಗೂ ಬರುತ್ತದೆ, ಕೆಲವು ದಿನ ಹಿಂಡಿ ತಾನಾಗಿ ಹೋಗುತ್ತದೆ, ಅದು ಹೋಗುವವರೆಗೆ ಮಗುವಿನ ಮೈಯಲ್ಲಿ ನೀರು ಉಳಿಯಬೇಕು, ಅಷ್ಟೇ ಎನ್ನುತ್ತಾರೆ. ಅಷ್ಟೇ ಅಂತೆ! ಅಷ್ಟು ಗೊತ್ತಿದ್ದರೆ ಸಾಕಿತ್ತಲ್ಲ ನಮಗೆ.

ಅಜ್ಜಿ ಸೆರಗು ಸಿಕ್ಕಿಸಿ ಯುದ್ಧಕ್ಕೆ ನಿಂತರು. ಜಾಯಿಕಾಯಿ ತೇಯ್ದು ನಾಲಿಗೆಗೆ ಸವರಿದರು. ದಾಳಿಂಬೆ ಸಿಪ್ಪೆ ಹುಡುಕಿದರು. ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಆಮೇಲೆ ಆಜ್ಞೆ ಹೊರಡಿಸಿದರು. "ನೀರು ಕೊಡ್ಬಾರ್ದು. ಹಾಲಿಲ್ಲ, ಗಂಜಿ ಇಲ್ಲ, ಒಂದು ತೊಟ್ಟು ನೀರೂ ಇಲ್ಲ. ಹೊಟ್ಟೆ ಒಣಗ್ಬೇಕು. ಒಣಗಿದ್ರೆ ಹೋಗುದು ನಿಲ್ತದೆ."

"ಅತ್ತೆ, ಬಾಯಿ ಒಣಗಿದೆ ಅವಂದು. ಒಂದು ಚಮಚ ಕೊಡಿ," ಎಂದಳು ಅಮ್ಮ ಮೂಲೆಯಿಂದ.

"ಕೊಟ್ಟಷ್ಟೂ ಹೋಗ್ತದೆ ಮಾರಾಯ್ತಿ. ನೀನು ಎರಡು ಹೆತ್ತವಳು. ನಾನು ಏಳು ಹೆತ್ತವಳು."

ಅಪ್ಪನೂ ಸೇರಿ ಅವರ ಮಕ್ಕಳು ನಾಲ್ಕೇ ಜನ ಎಂಬುದು ನನಗೆ ಗೊತ್ತಿತ್ತು. ಏಳರಲ್ಲಿ ನಾಲ್ಕು ಕಳೆದು ನೋಡಬೇಕೆಂದು ಆಗ ಹೊಳೆಯಲಿಲ್ಲ.

ತಮ್ಮನಿಗೆ ನೀರು ಎಂದು ಪೂರ್ತಿ ಹೇಳಲು ಬರುತ್ತಿರಲಿಲ್ಲ, "ನೀಯು" ಅನ್ನುತ್ತಿದ್ದ. ಮಧ್ಯಾಹ್ನದವರೆಗೆ ನೀಯು ನೀಯು ಎಂದು ಅತ್ತ. ಅಜ್ಜಿ ಅವನನ್ನು ಅಮ್ಮನ ತೊಡೆಗೆ ಹಾಕಲೇ ಇಲ್ಲ. ಹಾಕಿದರೆ ಅಮ್ಮ ತನ್ನ ಚೊಂಬಿನಿಂದ ಕುಡಿಸಿಬಿಡುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ತಾವೇ ಕಾಲು ಚಾಚಿ ಅದರ ಮೇಲೆ ಮಲಗಿಸಿಕೊಂಡು ಕೂತರು. ಅಮ್ಮ ಆರು ಅಡಿ ದೂರದಲ್ಲಿ, ಪಕ್ಕದಲ್ಲಿ ತುಂಬಿದ ಚೊಂಬು ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಹೆಣಿಗೆಯ ಕಡ್ಡಿ ಒಂದು ಕುಣಿಕೆಯನ್ನೂ ಹಾಕಲಿಲ್ಲ. ಎದ್ದು ಬಂದು ಮಗುವನ್ನು ಕಿತ್ತುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಕೇಳಿಕೊಂಡಿದ್ದೇನೆ. ಇಪ್ಪತ್ತಾರು ವರ್ಷದ ಹೆಣ್ಣು, ಗಂಡ ಊರಲ್ಲಿಲ್ಲ, ಏಳು ಹೆತ್ತ ಅತ್ತೆಯ ಮಾತು ತಪ್ಪಿದ್ದರಿಂದಲೇ ಮಗು ಹೋಯಿತು ಎಂದಾಗಿಬಿಟ್ಟರೆ? ಆ ಹೆದರಿಕೆ ಅವಳನ್ನು ಚಾಪೆಗೆ ಕಟ್ಟಿಹಾಕಿತ್ತು.

ಮಧ್ಯಾಹ್ನ ಕಳೆದ ಮೇಲೆ ತಮ್ಮ ಅಳುವುದನ್ನು ನಿಲ್ಲಿಸಿದ. "ನೋಡು, ಗುಣ ಆಗ್ತಾ ಉಂಟು," ಅಂದರು ಅಜ್ಜಿ. ನಾನು ಬಗ್ಗಿ ನೋಡಿದೆ. ಕಣ್ಣು ಒಳಗೆ ಹೋಗಿತ್ತು. ಬಾಯಿ ಅಳುವ ಹಾಗೆ ತೆರೆಯುತ್ತಿತ್ತು, ಕಣ್ಣಲ್ಲಿ ನೀರಿಲ್ಲ. ಆ ಗಟ್ಟಿ ಗಲ್ಲ ಎಲ್ಲಿ ಹೋಯಿತೋ. ಅಜ್ಜಿ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ ಅಮ್ಮ ನನ್ನನ್ನು ಹತ್ತಿರ ಕರೆದಳು.

"ಕೆಳಗೆ ಹೋಗಿ ಮಾಶಿಮಾನತ್ರ ಹೇಳು ಮಗಾ. ಓಡು."

ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಮಾಶಿಮಾ ಬಿಸಿಲಿಗೆ ಬೆನ್ನು ಕೊಟ್ಟುಕೊಂಡು ಕಿತ್ತಳೆ ಸುಲಿಯುತ್ತಿದ್ದರು. ನಾನು ಬಂಗಾಳಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಕಿತ್ತಳೆಯನ್ನು ಅಲ್ಲೇ ಹಾಕಿ ಎದ್ದರು. ಅದಕ್ಕೂ ಸ್ವಲ್ಪ ಹಿಂದೆ ಗಡಿಯಾಚೆಯಿಂದ ನಿರಾಶ್ರಿತರು ತಂಡ ತಂಡವಾಗಿ ಬಂದಿದ್ದಾಗ, ಮಾಶಿಮಾ ಬೇರೆ ಹೆಂಗಸರ ಜೊತೆ ಅವರ ಶಿಬಿರಕ್ಕೆ ಹೋಗಿ ತಿಂಗಳುಗಟ್ಟಲೆ ಸೇವೆ ಮಾಡಿದ್ದವರು. ಅಲ್ಲಿ ಭೇದಿಯಾದ ಮಕ್ಕಳಿಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚ ಚಮಚವಾಗಿ ಕುಡಿಸಿ ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದರು. ಕಾಯಿಸಿ ಆರಿಸಿದ ನೀರು ತೆಗೆದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ. ಕಲಕಿ ತಾವು ರುಚಿ ನೋಡಿ, ನನಗೂ ಒಂದು ಹನಿ ಅಂಗೈಗೆ ಹಾಕಿದರು. "ಚೋಖೇರ್ ಜೋಲೇರ್ ಮತೋ," ಅಂದರು. ಕಣ್ಣೀರಿನ ಹಾಗೆ, ಅದಕ್ಕಿಂತ ಉಪ್ಪಾಗಕೂಡದು.

"ನೀರು ಅಂದ್ರೆ ಅಜ್ಜಿ ಕೊಡಲ್ಲ," ಎಂದು ನಾನು ಅತ್ತೆ.

ಅದೂ ಅಲ್ಲದೆ ಮೀನು ಬೇಯಿಸುವ ಮನೆಯ ನೀರು. ಅಜ್ಜಿ ಮಾಶಿಮಾ ಕೊಟ್ಟ ಬಾಳೆಹಣ್ಣನ್ನೂ ತೊಳೆದು ಒಳಗೆ ತರುವವರು. ನಿಮ್ಮಜ್ಜಿ ಔಷಧಿಯಾದರೆ ಕೊಡುತ್ತಾರೆಯೇ ಎಂದು ಮಾಶಿಮಾ ಕೇಳಿದರು. ಔಷಧಿಗೆ ಯಾವ ಮೈಲಿಗೆಯೂ ಇರಲಿಲ್ಲ, ಅಜ್ಜಿ ಸ್ವತಃ ಗಂಟುನೋವಿಗೆ ಯಾವ್ಯಾವುದೋ ಬಣ್ಣದ ಮಿಕ್ಸ್ಚರ್ ಕುಡಿಯುತ್ತಿದ್ದರು. ನಾನು ತಲೆಯಾಡಿಸಿದೆ. ಮಾಶಿಮಾ ಬೀರುವಿನ ಮೇಲಿಂದ ಒಂದು ಹಳೆಯ ಔಷಧಿ ಸೀಸೆ ಇಳಿಸಿದರು. ಆಗೆಲ್ಲ ಕಾಂಪೌಂಡರು ಸೀಸೆಯ ಪಕ್ಕಕ್ಕೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು, ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಆ ಪಟ್ಟಿ ಇನ್ನೂ ಹಾಗೇ ಇತ್ತು. ಸೀಸೆಯ ಒಳಗನ್ನು ಕುದಿಯುವ ನೀರಿನಲ್ಲಿ ತೊಳೆದು ಆ ಉಪ್ಪು ಸಕ್ಕರೆ ನೀರು ತುಂಬಿ ಕೊಟ್ಟರು.

ನಾನು ಮೇಲೆ ಬಂದು ಹೇಳಿದ ಸುಳ್ಳು ನನ್ನ ಜೀವಮಾನದ ಮೊದಲ ದೊಡ್ಡ ಸುಳ್ಳು. "ಅಜ್ಜಿ, ಮಾಶಿಮಾ ಡಾಕ್ಟ್ರತ್ರ ತರಿಸಿದ್ದಂತೆ. ಔಷಧಿ. ಐದೈದು ನಿಮಿಷಕ್ಕೆ ಒಂದು ಚಮಚ. ವಾಂತಿ ಮಾಡಿದ್ರೂ ಬಿಡ್ಬಾರ್ದಂತೆ. ಸ್ವಲ್ಪ ತಡೆದು ಪುನಃ ಕೊಡ್ಬೇಕಂತೆ."

ಅಜ್ಜಿ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಬಣ್ಣವೇ ಇಲ್ವಲ್ಲ ಇದಕ್ಕೆ?"

"ಸಣ್ಣ ಮಕ್ಕಳ ಔಷಧಿಗೆ ಬಣ್ಣ ಇರುದಿಲ್ಲಂತೆ."

ಕಾಗದದ ಕಚ್ಚುಗಳನ್ನು ಬೆರಳಲ್ಲಿ ಸವರಿದ ಮೇಲೆ ಅವರಿಗೆ ನಂಬಿಕೆ ಬಂತು. ನಾನು ಅಮ್ಮನ ಕಡೆ ತಿರುಗಲಿಲ್ಲ, ತಿರುಗಿದ್ದರೆ ಇಬ್ಬರಲ್ಲಿ ಒಬ್ಬರು ಸಿಕ್ಕಿಬೀಳುತ್ತಿದ್ದೆವು. ಅಜ್ಜಿ ಬೆಳ್ಳಿ ಚಮಚ ತೆಗೆದು ಮೊದಲ ಚಮಚ ಹಾಕಿದರು. ಅವನು ನಾಲಿಗೆ ಚಪ್ಪರಿಸಿದ. ಎರಡನೆಯದು. ನಾಲ್ಕನೆಯದಕ್ಕೆ ಎಲ್ಲ ಕಕ್ಕಿದ. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು, "ಔಷಧಿ ಅಲ್ವಾ, ಕೊಡ್ಲೇಬೇಕು," ಎಂದು ಮತ್ತೆ ಚಮಚ ತುಂಬಿದರು. ಅವರ ಹಟ ಅಂದರೆ ಹಟ. ನೀರು ಕೊಡಬಾರದು ಎಂದಾಗ ಎಷ್ಟು ಹಟವಿತ್ತೋ ಔಷಧಿ ಕೊಡಬೇಕು ಎಂದಾಗಲೂ ಅಷ್ಟೇ ಇತ್ತು. ಸಂಜೆ ಕೇರಿಯಲ್ಲಿ ಕಲ್ಲಿದ್ದಲ ಒಲೆಗಳ ಹೊಗೆ ಏಳುವ ಹೊತ್ತಿಗೆ ಸೀಸೆ ಖಾಲಿಯಾಗಿತ್ತು. ನಾನು ಇನ್ನೊಂದು ಸಲ ತುಂಬಿಸಿ ತಂದೆ. ತಮ್ಮ ಒಂದು ಸಲ ಅತ್ತ, ಕಣ್ಣಿನ ತುದಿಯಲ್ಲಿ ಒಂದು ಹನಿ ಕೂತಿತು. ಅದನ್ನು ನೋಡಿ ಅಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು.

ಮರುದಿನವೂ ಭೇದಿ ನಿಲ್ಲಲಿಲ್ಲ, ಆದರೆ ಹುಡುಗ ಹುಡುಗನ ಹಾಗೆ ಇದ್ದ. ನಾನು ಸೀಸೆ ಹಿಡಿದು ಮೇಲೆ ಕೆಳಗೆ ಓಡಾಡಿದ್ದೇ ಓಡಾಡಿದ್ದು. "ಇಷ್ಟು ಔಷಧಿ ಯಾವ ಡಾಕ್ಟ್ರು ಕೊಡ್ತಾನೆ?" ಎಂದು ಅಜ್ಜಿ ಒಮ್ಮೆ ಅನುಮಾನಪಟ್ಟರು. "ಒಳ್ಳೆಯವನಂತೆ," ಅಂದೆ. ಡಾಕ್ಟ್ರು ಹೇಳಿದ್ದಾರಂತೆ ಎಂದು ನಾನು ಅಂದದ್ದಕ್ಕೆ ಅದೇ ಸಂಜೆ ಅಜ್ಜಿ ಗಂಜಿಯನ್ನೂ ಕೊಟ್ಟರು. ಆಮೇಲೆ ಅವನನ್ನು ಉಣ್ಣೆಯಲ್ಲಿ ಸುತ್ತಿ, ಅಮ್ಮನ ತೊಡೆಗೆ ಹಾಕಿದರು. ಅಮ್ಮ ಅವನ ಕುತ್ತಿಗೆಯಲ್ಲಿ ಮೂಗು ಇಟ್ಟು ಎಷ್ಟು ಹೊತ್ತು ಹಾಗೇ ಇದ್ದಳೋ. ನನಗೆ ಸಂತೋಷವಾಗಬೇಕಿತ್ತು. ಸುಳ್ಳು ಹೇಳಿದ್ದು ನಾನು, ಓಡಿದ್ದು ನಾನು, ತೊಡೆ ಸಿಕ್ಕಿದ್ದು ಅವನಿಗೆ.

ಮೂರನೆಯ ದಿನ ಬೆಳಿಗ್ಗೆ ನನ್ನ ಸರದಿ ಬಂತು.

ಅವನಿಂದ ನನಗೆ ದಾಟಿತ್ತು, ದಾಟದೇ ಇರುತ್ತದೆಯೇ. ಎದ್ದೊಡನೆ ನೆಲ ತಿರುಗಿತು, ಬಚ್ಚಲಿಗೆ ಮುಟ್ಟುವಷ್ಟರಲ್ಲಿ ವಾಂತಿ. ಆಮೇಲಿನದನ್ನು ವಿವರಿಸುವುದು ಬೇಡ. ಅಜ್ಜಿ ಸೀಸೆಯಲ್ಲಿ ಉಳಿದಿದ್ದ ಔಷಧಿಯನ್ನು ಚಮಚದಲ್ಲಿ ಹಾಕಿದರು, ಬೆನ್ನು ನೀವಿದರು, ಒದ್ದೆ ಬಟ್ಟೆಯಿಂದ ಮುಖ ಒರೆಸಿದರು. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ನನಗೆ ಬೇಕಾದದ್ದು ಅವರಲ್ಲ. ಪಟ್ಟಿಯ ಈಚೆ ಹಾಸಿಗೆಯಲ್ಲಿ ಮಲಗಿಕೊಂಡು ಆಚೆ ಅಮ್ಮನ ತೊಡೆಯ ಮೇಲಿದ್ದ ತಮ್ಮನನ್ನು ನೋಡುತ್ತಿದ್ದೆ. ಅಮ್ಮ ಅಂದಳು, "ನಾಳೆ ಬೆಳಿಗ್ಗೆ ಮೀಯ್ತೇನೆ ಮಗಾ. ನಾಳೆ ಬೆಳಿಗ್ಗೆ ನಿನ್ನ ಹತ್ರ ಬರ್ತೇನೆ." ನಾಳೆ! ಎಂಟು ವರ್ಷದವಳಿಗೆ ಜ್ವರ ಬಂದಾಗ ನಾಳೆ ಅನ್ನುವುದು ಎಷ್ಟು ದೂರ ಇರುತ್ತದೆ ಎಂದು ದೊಡ್ಡವರಿಗೆ ಮರೆತುಹೋಗಿರುತ್ತದೆ. ನನಗೆ ಈಗಲೂ ಮರೆತಿಲ್ಲ.

ಅಜ್ಜಿ ಅಡಿಗೆಮನೆಗೆ ಹೋಗಿದ್ದರು. ಅಪ್ಪ ಕೋಟು ಹಾಕಿಕೊಂಡು ಹೋಗಿದ್ದರಿಂದ ಅವನ ಕಾಫಿ ಬಣ್ಣದ ಸ್ವೆಟರ್ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಅದನ್ನು ಎಷ್ಟು ಹೊತ್ತು ನೋಡಿದೆನೋ. ಎದ್ದು ಗೋಡೆ ಹಿಡಿದುಕೊಂಡು ಹೋಗಿ ಇಳಿಸಿದೆ. ಫ್ರಾಕಿನ ಮೇಲೇ ಹಾಕಿಕೊಂಡೆ. ಅದು ನನ್ನ ಮೊಣಕಾಲು ದಾಟಿ ಬಂತು. ಫ್ರಾಕಿನ ಅಂಚನ್ನು ಮೇಲೆ ಮಡಚಿ ಒಳಗೆ ತುರುಕಿದೆ. ತೋಳುಗಳು ಕೈಯಿಂದ ಇನ್ನೂ ಒಂದು ಗೇಣು ಕೆಳಗೆ ಜೋತಾಡಿದವು. ಕಾಲಿಗೆ ಉಣ್ಣೆಯ ಚೀಲ, ತಲೆಗೆ ಅಪ್ಪನ ಮಂಕಿ ಕ್ಯಾಪು. ಮೈಮೇಲೆ ಎಲ್ಲಿಯೂ ಹತ್ತಿಯ ಒಂದೆಳೆ ಕಾಣುವುದಿಲ್ಲ ಎಂದು ಎರಡೆರಡು ಸಲ ನೋಡಿಕೊಂಡು, ನಿಲ್ಲಲು ಶಕ್ತಿಯಿಲ್ಲದೆ ನಾಲ್ಕು ಕಾಲಲ್ಲಿ ನಡೆದು, ಕಪ್ಪು ಪಟ್ಟಿ ದಾಟಿದೆ.

ಅಮ್ಮ ನೋಡಿದಳು. ತಮ್ಮನನ್ನು ಒಂದು ತೊಡೆಗೆ ಸರಿಸಿ ಇನ್ನೊಂದು ತೊಡೆ ಖಾಲಿ ಮಾಡಿದಳು. ನಾನು ತಲೆ ಇಟ್ಟೆ. ಮಂಕಿ ಕ್ಯಾಪಿನ ಮೇಲೆ ಅವಳ ಕೈ ಬಂದು ಕೂತಿತು. ಅಷ್ಟು ದಪ್ಪ ಉಣ್ಣೆಯ ಮೂಲಕವೂ ಬಿಸಿ ಗೊತ್ತಾಗುತ್ತಿತ್ತು. ಎರಡು ನಿಮಿಷಕ್ಕೇ ನಾನು ಅಪ್ಪನ ಸ್ವೆಟರಿನ ಮೇಲೆ ವಾಂತಿ ಮಾಡಿದೆ. ಅಮ್ಮ ತನ್ನ ಸೆರಗಿನಲ್ಲೇ ಒರೆಸಿದಳು.

ಅಜ್ಜಿ ಬಂದು ಬಾಗಿಲಲ್ಲಿ ನಿಂತರು. ಮೇಲಿಂದ ಕೆಳಗಿನವರೆಗೆ ನೋಡಿದರು, ಕ್ಯಾಪಿನಿಂದ ಹಿಡಿದು ಕಾಲುಚೀಲದವರೆಗೆ. ಬಯ್ಯಲು ಬಾಯಿ ತೆರೆದರು.

"ಉಣ್ಣೆಗೆ ಮೈಲಿಗೆ ಇಲ್ಲ," ಅಂದೆ ನಾನು ಕಣ್ಣು ಮುಚ್ಚಿಕೊಂಡೇ.

"ಅಯ್ಯೋ ಇವಳ ತಲೆಯೇ!" ಎಂದರು ಅಜ್ಜಿ. ಅವರಿಗೆ ನಗು ಬಂದದ್ದು ದನಿಯಲ್ಲೇ ಗೊತ್ತಾಯಿತು. "ಸರಿ, ಅಲ್ಲೇ ಬಿದ್ದುಕೋ. ಔಷಧಿ ಮುಗ್ದಿದೆ. ನಿಂಗೆ ಏಳ್ಳಿಕ್ಕೆ ಆಗುದಿಲ್ಲ. ನಾನೇ ಕೆಳಗೆ ಹೋಗಿ ತರ್ತೇನೆ, ಆ ಡಾಕ್ಟ್ರು ಯಾರು ಅಂತಲೂ ಕೇಳ್ತೇನೆ."

ಅಷ್ಟು ವರ್ಷದಲ್ಲಿ ಕೆಳಗಿನ ಮನೆಯ ಹೊಸ್ತಿಲು ತುಳಿಯದವರು ಸೀಸೆ ಕೈಗೆತ್ತಿಕೊಂಡರು. ಅಮ್ಮನ ತೊಡೆಯ ಮೇಲಿದ್ದದ್ದಕ್ಕೋ ಏನೋ ನನಗೆ ಧೈರ್ಯ ಬಂತು.

"ಅಜ್ಜಿ, ಅದು ಔಷಧಿ ಅಲ್ಲ. ನೀರು."

"ಎಂತ ನೀರು?"

"ಕಾಯಿಸಿದ ನೀರು. ಉಪ್ಪು, ಸಕ್ಕರೆ ಹಾಕಿದ್ದು. ಡಾಕ್ಟ್ರು ಇಲ್ಲ. ನಾನು ಸುಳ್ಳು ಹೇಳಿದ್ದು."

ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡು ಅಮ್ಮನ ಹೊಟ್ಟೆಗೆ ಮುಖ ಒತ್ತಿದೆ. ಕಣ್ಣು ತೆರೆದು ನೋಡಿದರೆ ಅಜ್ಜಿ ಪಟ್ಟಿಯ ಹತ್ತಿರ, ನೆಲದ ಮೇಲೆ ಕೂತಿದ್ದರು. ಸೀಸೆ ಮಡಿ ಸೀರೆಯ ಮೇಲೆ ಅಡ್ಡ ಬಿದ್ದಿತ್ತು. ತಮ್ಮ ಅದನ್ನು ಎಳೆಯಲು ಕೈ ಚಾಚುತ್ತಿದ್ದ.

"ಬರೀ ನೀರಾ?" ಎಂದರು. ಸೀಸೆಯನ್ನು ನೋಡಿ ಮತ್ತೆ, "ಬರೀ ನೀರಾ?"

"ಹೌದು ಅತ್ತೆ," ಎಂದಳು ಅಮ್ಮ.

"ನನ್ನ ಮೊದಲ್ನೇದು. ನಿನ್ನ ಗಂಡನಿಗಿಂತ ಮೊದಲಿನವ. ಇವನಷ್ಟೇ ಇದ್ದ." ಅಜ್ಜಿ ತಮ್ಮನ ಕಡೆ ಕೈ ತೋರಿಸಿದರು. "ಎರಡು ದಿನ ನೀರು ಕೊಡು ಅಂತ ಕೇಳಿದ. ನಾನು ಚೊಂಬು ಅವನ ಕಣ್ಣಿಗೆ ಬೀಳದ ಹಾಗೆ ಅಡಗಿಸಿಟ್ಟೆ. ಎಲ್ರೂ ಹಾಗೇ ಹೇಳಿದ್ರು. ನನ್ನತ್ತೆ ಹೇಳಿದ್ರು. ಮತ್ತೊಂದು ಹೆಣ್ಣು ಮಗುವಿಗೂ ಹಾಗೇ ಮಾಡಿದೆ." ಸೀಸೆಯನ್ನು ನೆಟ್ಟಗೆ ನಿಲ್ಲಿಸಿದರು. "ಕೊಟ್ಟಿದ್ರೆ ಉಳೀತಿದ್ವಾ?"

ಅಮ್ಮ ನನ್ನ ಕೈಯಿಂದಾಚೆ ಜೋತುಬಿದ್ದಿದ್ದ ಸ್ವೆಟರಿನ ಖಾಲಿ ತೋಳನ್ನು ಎತ್ತಿಕೊಂಡಳು. ಅದರ ತುದಿಯನ್ನು ತನ್ನ ಬೆರಳುಗಳ ಮೇಲೆ ಎಳೆದುಕೊಂಡಳು, ಚರ್ಮ ಒಂದಿಷ್ಟೂ ಕಾಣದ ಹಾಗೆ. ಆಮೇಲೆ ಆ ಉಣ್ಣೆಯ ಕೈಯನ್ನು ಪಟ್ಟಿಯ ಆಚೆಗೆ ಚಾಚಿ ಅಜ್ಜಿಯ ಕೈ ಹಿಡಿದಳು.

ಅಜ್ಜಿ ಕೈ ಎಳೆದುಕೊಳ್ಳಲಿಲ್ಲ. ಬಹಳ ಹೊತ್ತು ಹಾಗೇ ಕೂತರು. ನನ್ನ ತೋಳು ಅವರಿಬ್ಬರ ನಡುವೆ ಎಳೆದುಕೊಂಡಿತ್ತು, ನೋಯುತ್ತಿತ್ತು, ನಾನು ಅಲುಗಾಡಲಿಲ್ಲ. ಆಮೇಲೆ ಅಜ್ಜಿ ಎದ್ದು ಅಡಿಗೆಮನೆಗೆ ಹೋಗಿ ನೀರು ಕಾಯಿಸಲಿಟ್ಟರು. ಅಲ್ಲಿಂದಲೇ ಕೂಗಿ ಕೇಳಿದರು, "ಉಪ್ಪು ಎಷ್ಟು ಹೆಣ್ಣೇ?"

"ಮೂರು ಬೆರಳಲ್ಲಿ ಚಿಟಿಕೆಯಷ್ಟು. ಕಣ್ಣೀರಿಗಿಂತ ಉಪ್ಪಾಗ್ಬಾರ್ದಂತೆ."

"ಅದು ನಂಗೆ ಗೊತ್ತುಂಟು," ಎಂದರು.

ನನಗೆ ಮೂರು ದಿನದಲ್ಲಿ ಗುಣವಾಯಿತು. ಅಜ್ಜಿ ಆಮೇಲೆ ಕೇರಿಯಲ್ಲಿ ಯಾವ ಮಗುವಿಗೆ ಭೇದಿಯಾದರೂ ಆ ಸೀಸೆ ತುಂಬಿಸಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಮಾಶಿಮಾನ ಮನೆಯ ಹೊಸ್ತಿಲಲ್ಲಿ ಕೂತು, ಅವರು ಬಂಗಾಳಿಯಲ್ಲಿ, ಇವರು ಕನ್ನಡದಲ್ಲಿ, ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕಪ್ಪು ಪಟ್ಟಿ ಮಾತ್ರ ಅಲ್ಲೇ ಇತ್ತು, ಒಂದೇ ದಿನಕ್ಕೆ ಎಲ್ಲ ಬದಲಾಗಲಿಕ್ಕೆ ನಮ್ಮ ಮನೆಯೇನು ನಾಟಕದ ರಂಗವೇ? ಬದಲಾದದ್ದು ಇಷ್ಟು. ಮುಂದಿನ ತಿಂಗಳು ಅಮ್ಮ ಮೂಲೆಗೆ ಕೂತಾಗ ನಾನು ಅಪ್ಪನ ಸ್ವೆಟರ್ ಇಳಿಸಿದೆ. ಅದರ ಮುಂದಿನ ತಿಂಗಳೂ ಇಳಿಸಿದೆ. ಏಪ್ರಿಲ್ ತಿಂಗಳ ಕಲ್ಕತ್ತದ ಸೆಖೆ ಗೊತ್ತಿದ್ದವರಿಗೆ ಗೊತ್ತು, ಫ್ಯಾನಿನ ಗಾಳಿಯೂ ಮೈ ಸುಡುತ್ತದೆ. ಆ ಸೆಖೆಯಲ್ಲಿ ಉಣ್ಣೆಯ ಸ್ವೆಟರು, ಕಾಲುಚೀಲ, ಕ್ಯಾಪು ಹಾಕಿಕೊಂಡು, ಬೆವರಿ ತೊಪ್ಪೆಯಾಗಿ ಅಮ್ಮನಿಗೆ ಒರಗಿ ಕೂತಿದ್ದೆ.

"ಸೆಖೆ ಆಗುದಿಲ್ವೇನೇ ನಿಂಗೆ?" ಎಂದು ಅಜ್ಜಿ ಕೇಳಿದರು.

"ಇಲ್ಲ," ಅಂದೆ.

"ಕ್ಯಾಪಾದ್ರೂ ತೆಗಿ. ತಲೆಕೂದಲಿಗೆ ಮೈಲಿಗೆ ಇಲ್ಲ." ಅಂಥ ಶಾಸ್ತ್ರ ಎಲ್ಲೂ ಇಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಆ ಮಧ್ಯಾಹ್ನ ಅಮ್ಮ ನನಗೆ ಜಡೆ ಹಾಕಿದಳು, ಎಳೆಯದೆ, ನಿಧಾನವಾಗಿ, ಬಿಚ್ಚಿ ಮತ್ತೊಮ್ಮೆ ಹಾಕಿದಳು.

ನಾನು ದೊಡ್ಡವಳಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅಮ್ಮ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದ್ದಳು, ಮೂಲೆಗೆ ಹೊಲಿಗೆ ಮಿಷನ್ ಬಂದಿತ್ತು. ಮುಟ್ಟಬಾರದು ಎನ್ನುವವರು ಯಾರೂ ಇಲ್ಲದಾಗ ನಾನು ಅಮ್ಮನನ್ನು ಮುಟ್ಟುವುದೇ ಕಡಿಮೆಯಾಯಿತು. ಕಾಲೇಜು, ಕೆಲಸ, ನನ್ನದೇ ಮಕ್ಕಳು. ಬಂದಾಗ ಬಾಗಿಲಲ್ಲಿ ಚೀಲ ಇಳಿಸಿ "ಹೇಗಿದ್ದೀಯಮ್ಮ" ಅನ್ನುವುದು, ಹೋಗುವಾಗ ಕಾಲಿಗೆ ಬಗ್ಗುವುದು. ಅಷ್ಟಕ್ಕೇ ಬಂದು ನಿಂತಿತು. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ. ಅದನ್ನು ನೆನೆದರೆ ನನ್ನ ಮೇಲೆ ನನಗೆ ಕೆಂಡದಂಥ ಸಿಟ್ಟು ಬರುತ್ತದೆ.

ತಮ್ಮ ಈಗ ಹೊಟ್ಟೆ ಬಿಟ್ಟುಕೊಂಡ ದೊಡ್ಡ ಮನುಷ್ಯ. ಆ ಮೂರು ದಿನದ ಒಂದು ಅಕ್ಷರವೂ ಅವನಿಗೆ ನೆನಪಿಲ್ಲ. "ನೀನು ಕಥೆ ಕಟ್ಟುತ್ತೀ ಅಕ್ಕ," ಅನ್ನುತ್ತಾನೆ. ಕಟ್ಟಲಿ ಬಿಡಲಿ, ಸ್ವೆಟರು ನನ್ನ ಹತ್ತಿರವಿದೆ. ಒಂದು ತೋಳು ಇನ್ನೊಂದಕ್ಕಿಂತ ಉದ್ದ, ಅವತ್ತು ಎಳೆದದ್ದು. ಚಳಿ ಬಂದಾಗ ತೆಗೆದು ಬಿಸಿಲಿಗೆ ಹಾಕುತ್ತೇನೆ. ಬಾಲ್ಕನಿ ಕಂಬಿಯ ಮೇಲೆ ಕಾಗೆ ಬಂದು ಕೂತರೆ ಓಡಿಸುವುದಿಲ್ಲ. ಈಗ ಆ ಸ್ವೆಟರು ನನಗೆ ಮೊಣಕಾಲಿಗೆ ಬರುವುದಿಲ್ಲ, ಸೊಂಟಕ್ಕೇ ನಿಲ್ಲುತ್ತದೆ. ಆದರೂ ಹಾಕಿಕೊಳ್ಳುತ್ತಿದ್ದೆ, ಎಂಥ ಸೆಖೆಯಲ್ಲೂ ಹಾಕಿಕೊಳ್ಳುತ್ತಿದ್ದೆ. ಹಾಕಿಕೊಂಡು ಹೋಗಿ ಮುಟ್ಟುವುದಕ್ಕೆ ಅಮ್ಮ ಒಂದು ಮೂಲೆಯಲ್ಲಾದರೂ ಇರಬೇಕಿತ್ತು.